ಮಾರ್ಸಿಯಾಲನ ಕೊನೆಯ ಬಾಟಲಿ

ಎವಾರಿಸ್ತ್ ತನ್ನ ಬಾಯಿಯನ್ನು ಸುಮ್ಮನಿಟ್ಟುಕೊಂಡಿದ್ದರೆ ಆ ಭಾನುವಾರ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಆದರೆ ಅವನು ಊರಿನ ಕ್ಷೌರಿಕ. ಕೈಯಲ್ಲಿ ಕತ್ತಿ ಆಡತೊಡಗಿದರೆ ಬಾಯಿಯೂ ಜೊತೆಗೆ ಆಡುತ್ತಿತ್ತು.

"ಇವತ್ತಿಗೆ ನನಗೆ ಅರವತ್ತು ತುಂಬ್ತು ಕಣೋ. ಮಧ್ಯಾಹ್ನ ಅಪ್ಪನ ವೈನ್ ಬಾಟ್ಲು ತೆಗೀತೀನಿ," ಎಂದ, ಪಕ್ಕದ ಮನೆಯ ಗಾತಿಯಾನನ ಗದ್ದಕ್ಕೆ ನೊರೆ ಹಚ್ಚುತ್ತಾ.

ಗಾತಿಯಾನನ ಕಣ್ಣು ಕನ್ನಡಿಯಲ್ಲಿ ಅರಳಿತು. "ಮಾರ್ಸಿಯಾಲ್ ಮಾಮಂದಾ? ಆ ಇಪ್ಪತ್ತೊಂದನೇ ಇಸವೀದಾ?"

"ಅದೇ. ಇರೋದೊಂದೇ."

"ನನ್ನ ಮಾತು ಕೇಳು, ಹಾಗೇ ಇಟ್ಕೊಂಡಿರು. ತೆಗೆಯದ ಬಾಟ್ಲು ಯಾವತ್ತೂ ಕೆಟ್ಟಿರಲ್ಲ."

ಎವಾರಿಸ್ತನಿಗೆ ಚುರುಕ್ಕೆಂದಿತು. ಅವನು ಹುಟ್ಟಿದ ವರ್ಷ ಊರಿನವರೆಲ್ಲ ಅಕ್ಟೋಬರಿನಲ್ಲೇ ದ್ರಾಕ್ಷಿ ಕೊಯ್ದು ಕೈ ತೊಳೆದುಕೊಂಡಿದ್ದರು. ಅಪ್ಪ ಮಾತ್ರ, ಹಣ್ಣು ಸುಕ್ಕುಗಟ್ಟಿ ಬೂಸಲು ಹಿಡಿದರೂ, ಇನ್ನೂ ಸಿಹಿಯಾಗಲಿ ಎಂದು ನವೆಂಬರ್ ಕಳೆಯುವ ತನಕ ಕಾದಿದ್ದ. ಅಂದಿನಿಂದ ಅವನ ಹೆಸರು 'ಕಾಯೋ ಮಾರ್ಸಿಯಾಲ್' ಎಂದೇ ಆಯಿತು. ನಗೆಪಾಟಲು ತಾಳಲಾರದೆ ತೋಟ ಮಾರಿ ಕ್ಷೌರದಂಗಡಿ ಇಟ್ಟ. ಒಂದೇ ಒಂದು ಬಾಟಲಿಯನ್ನು ಮಾತ್ರ ಮನೆ ಹಿಂದಿನ ಗುಡ್ಡದಲ್ಲಿ ಕೊರೆದ ಗವಿಯೊಳಗೆ ಉಳಿಸಿಕೊಂಡಿದ್ದ.

ಚಿಕ್ಕಂದಿನಲ್ಲಿ ಅಪ್ಪ ಎವಾರಿಸ್ತನನ್ನು ಎತ್ತಿಕೊಂಡು ಆ ಗವಿಗೆ ಹೋಗಿ, ತಣ್ಣನೆಯ ಗಾಜಿಗೆ ಅವನ ಕಿವಿ ಒತ್ತುತ್ತಿದ್ದ. "ಈಗ ಮಲಗಿದೆ. ನೀನು ಮುದುಕ ಆದಾಗ ಎದ್ದು ಮಾತಾಡುತ್ತೆ. ಆಗ ನೀನೇ ಹೇಳು, ನಿಮ್ಮಪ್ಪ ಪೆದ್ದನೋ ಅಲ್ವೋ ಅಂತ." ಅಪ್ಪನ ಕೈಗೆ ಸೋಪಿನ ವಾಸನೆ ಇರುತ್ತಿತ್ತು.

ಗಾತಿಯಾನ್ ಗದ್ದ ಒರೆಸಿಕೊಂಡು, ಯಾಕೋ ಅವಸರದಲ್ಲಿ ಹೊರಟುಹೋದ. ಅವನ ಹಿಂದೆಯೇ ಅಂಚೆಯ ಒನೇಸಿಮ್ ಬಂದು ಕುಳಿತ. ಸುದ್ದಿ ಅವನ ಕಿವಿಗೂ ಬಿದ್ದಾಗಿತ್ತು.

"ಮಾರ್ಸಿಯಾಲಂದು ತೆಗೀತೀಯಂತೆ? ಒಂಚೂರು ಉಳಿಸಪ್ಪ. ನಮ್ಮವಳು ಹಿತ್ತಾಳೆ ಉಜ್ಜೋಕೆ ಏನಾದ್ರೂ ಸಿಗುತ್ತಾ ಅಂತ ಹುಡುಕ್ತಿದ್ಲು!"

ಕತ್ತಿ ಒನೇಸಿಮನ ಕಿವಿಯನ್ನು ತುಸು ತಾಗಿತು. ಬಾಗಿಲಲ್ಲಿ ನಿಂತಿದ್ದ ಬ್ರೆಡ್ ಅಂಗಡಿಯ ಹೆಂಗಸು, "ನಾವೆಲ್ಲ ಬರ್ತೀವಿ ಬಿಡು. ಪಾದ್ರಿಗಳೂ ಬರ್ತಾರಂತೆ, ಪೂಜೆ ಬೇಗ ಮುಗಿಸ್ತಾರಂತೆ," ಎಂದಳು. ಆ ಊರಿನಲ್ಲಿ ಹಳೆಯ ಬಾಟಲಿ ತೆಗೆಯುತ್ತಾರೆಂದರೆ ಯಾರನ್ನೂ ಕರೆಯಬೇಕಾಗಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಲೋಟವನ್ನು ಜೇಬಿನಲ್ಲಿಟ್ಟುಕೊಂಡು ಬಂದೇ ಬರುತ್ತಿದ್ದರು.

ಎವಾರಿಸ್ತ್ ಒನೇಸಿಮನ ಕ್ಷೌರವನ್ನು ಹೇಗೋ ಮುಗಿಸಿದ. ವೈನ್ ನಿಜವಾಗಿಯೂ ಹುಳಿಯಾಗಿದ್ದರೆ? ಗೋರಿಯಲ್ಲಿ ಮಲಗಿರುವ ಅಪ್ಪನನ್ನು ಎಬ್ಬಿಸಿ ಮತ್ತೊಮ್ಮೆ ಊರ ಮುಂದೆ ನಗೆಗೀಡು ಮಾಡಿದಂತೆ ಆಗುವುದಿಲ್ಲವೇ? ಅಂಗಡಿಗೆ ಬೀಗ ಜಡಿದು ಗವಿಗೆ ಓಡಿದ.

ಗಷ್ಟು ಕೆಳಗಿಳಿಯಲೆಂದು ನೆಟ್ಟಗೆ ನಿಲ್ಲಿಸಿದ್ದ ಬಾಟಲಿ ಅಲ್ಲೇ ಇತ್ತು. ಗವಿಯ ತೇವಕ್ಕೆ ಕಾಗದ ಕೊಳೆಯುತ್ತದೆಂದು ಅಲ್ಲಿ ಯಾರೂ ಬಾಟಲಿಗೆ ಚೀಟಿ ಅಂಟಿಸುವುದಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಸವಿ ಬರೆದರೆ ಮುಗಿಯಿತು. ಕಪ್ಪು ಬೂಸಲು ಮೆತ್ತಿಕೊಂಡ ಮೇಲೆ ಎಲ್ಲ ಬಾಟಲಿಗಳೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಪಕ್ಕದ ಗಾತಿಯಾನನ ಗವಿಗೆ ಒಳಗಿಂದೊಳಗೇ ಒಂದು ಕಿಂಡಿ ಇತ್ತು. ಅದರಾಚೆ, ಮೇರಿಯಮ್ಮನ ಪ್ರತಿಮೆಯ ಕೆಳಗಿನ ಗೂಡಿನಲ್ಲಿ, ಗಾತಿಯಾನನ ಅಪ್ಪ ಮಾಡಿದ ಅದೇ ವರ್ಷದ ಬಾಟಲಿಯೂ ಒಂದಿತ್ತು. ಊರೆಲ್ಲ ಕೊಂಡಾಡುತ್ತಿದ್ದ ವೈನ್ ಅದು.

ಎವಾರಿಸ್ತ್ ಬಾಟಲಿಯನ್ನು ಹಸುಗೂಸಿನಂತೆ ಎತ್ತಿಕೊಂಡು ಕಿಂಡಿಯಲ್ಲಿ ನುಸುಳಿದ. ಗೂಡಿನದನ್ನು ತೆಗೆದು, ಕೈಯಲ್ಲಿದ್ದದ್ದನ್ನು ಅಲ್ಲಿಟ್ಟ. "ತಪ್ಪಾಯ್ತು ತಾಯಿ, ಅಪ್ಪನ ಮರ್ಯಾದೆ ಪ್ರಶ್ನೆ," ಎಂದು ಮೇರಿಯಮ್ಮನಿಗೆ ಕೈ ಮುಗಿದ. ವಾಪಸ್ಸು ನುಸುಳುವಾಗ ತಲೆ ಬಂಡೆಗೆ ತಾಗಿ ಬುಗುಟೆ ಎದ್ದಿತು.

ಮಧ್ಯಾಹ್ನ ಅಂಗಳ ತುಂಬಿತು. ಬಿರಡೆ ನಿಟ್ಟುಸಿರಿನಂತೆ ಸದ್ದು ಮಾಡಿ ಹೊರಬಂತು. ವೈನ್ ಹಳೆಯ ಚಿನ್ನದ ಬಣ್ಣಕ್ಕೆ ತಿರುಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಗುಟುಕು ಬಂತು. ಪಾದ್ರಿ ಕಣ್ಣು ಮುಚ್ಚಿದವರು ತೆರೆಯಲೇ ಇಲ್ಲ. ಒನೇಸಿಮ್ ಖಾಲಿ ಲೋಟದೊಳಕ್ಕೆ ಮೂಗು ತೂರಿಸಿಕೊಂಡು ನಿಂತ.

"ಜೇನುಮೇಣ... ಆಮೇಲೆ ಮಳೆಗೆ ನೆನೆದ ಕಲ್ಲು... ಇನ್ನೂ ಹರೆಯದ ಹಾಗಿದೆಯಲ್ಲೋ!" ಎಂದ. "ಮಾರ್ಸಿಯಾಲನ್ನ ನಾವು ಸುಮ್ಮಸುಮ್ಮನೆ ಆಡ್ಕೊಂಡ್ವಿ."

ಎಲ್ಲರೂ ಅಪ್ಪನ ಹೆಸರು ಹೇಳಿ ಲೋಟ ಎತ್ತಿದರು. ಎವಾರಿಸ್ತನಿಗೆ ಮಾತ್ರ ನಿಂತ ನೆಲ ಬಿರಿಯಬಾರದೇ ಎನಿಸಿತು. ಕದ್ದ ವೈನ್ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ತನ್ನ ಪಾಲನ್ನು ಪಕ್ಕದಲ್ಲಿದ್ದ ಜೆಲೀ ಅಜ್ಜಿಯ ಲೋಟಕ್ಕೆ ಸುರಿದುಬಿಟ್ಟ. ಹುಡುಗಿಯಾಗಿದ್ದಾಗ ಅವಳು ಅಪ್ಪನ ತೋಟದಲ್ಲಿ ದ್ರಾಕ್ಷಿ ಕೊಯ್ದವಳು.

ಅಜ್ಜಿ ಚಪ್ಪರಿಸಿದಳು. ಕಣ್ಣಲ್ಲಿ ನೀರು ಬಂತು. "ಬೆರಳು ಮರಗಟ್ಟೋ ಚಳಿ ಕಣಪ್ಪ ಆವತ್ತು. ನಿಮ್ಮಪ್ಪ ಒಂದೊಂದೇ ಹಣ್ಣು ಆರಿಸ್ತಾ, ಹಾಡ್ತಾ ಇದ್ದ. ಎಲ್ಲಾ ಇದರಲ್ಲೇ ಇದೆ."

ಎವಾರಿಸ್ತ್ ಖಾಲಿ ಬಾಟಲಿಯನ್ನು ಅಡುಗೆಮನೆಗೆ ಒಯ್ದಿಟ್ಟ.

ಸಂಜೆ ಗಾತಿಯಾನ್ ಅವನ ಹೆಗಲ ಮೇಲೆ ಕೈ ಹಾಕಿ ತನ್ನ ಗವಿಗೆ ಕರೆದೊಯ್ದ. "ಒಂದು ಗುಟ್ಟು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಬೆಳಿಗ್ಗೆ ನಿನ್ನ ಅಂಗಡಿಯಿಂದ ಎದ್ದವನೇ ನಿನ್ನ ಗವಿಗೆ ಹೋದೆ. ನಿಮ್ಮಪ್ಪನ ಬಾಟ್ಲು ತಂದು ಈ ಗೂಡಲ್ಲಿಟ್ಟು, ನಮ್ಮಪ್ಪಂದು ಅಲ್ಲಿಟ್ಟೆ. ಊರೆದುರು ನೀನು ನಗೆಗೀಡಾಗೋದು ನನ್ನಿಂದ ನೋಡೋಕಾಗಲ್ಲ ಕಣೋ."

ಎವಾರಿಸ್ತ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಾಗಾದರೆ ತಾನು ಈ ಗೂಡಿನಿಂದ ಕದ್ದದ್ದು ಅಪ್ಪನ ಬಾಟಲಿಯನ್ನೇ! ಊರು ಕುಡಿದು ಮೆಚ್ಚಿದ್ದು ಅಪ್ಪನ ವೈನನ್ನೇ! ಅಪ್ಪ ಪೆದ್ದನಾಗಿರಲಿಲ್ಲ. ಸಂತೋಷ ಉಕ್ಕಿ ಬಂತು, ಅದರ ಹಿಂದೆಯೇ ಸಂಕಟವೂ ಬಂತು: ಅದನ್ನು ಸವಿಯದೆ ಉಳಿದವನು ತಾನೊಬ್ಬನೇ. ಅಷ್ಟರಲ್ಲಿ ಗಾತಿಯಾನ್ ಗೂಡಿನಲ್ಲಿ ಈಗಿದ್ದ ತನ್ನಪ್ಪನ ಬಾಟಲಿಗೇ ಕೈ ಹಾಕಿದ್ದ.

"ಬೇಡ ಗಾತಿಯಾನ್! ಹಾಗೇ ಇಟ್ಕೊಂಡಿರು, ತೆಗೆಯದ ಬಾಟ್ಲು ಯಾವತ್ತೂ ಕೆಟ್ಟಿರಲ್ಲ!"

"ಎಷ್ಟಾದ್ರೂ ನಿಮ್ಮಪ್ಪಂದಲ್ವಾ, ಇಬ್ಬರೇ ಇದ್ದೀವಿ, ನಾಚಿಕೆ ಏನು," ಎನ್ನುತ್ತಾ ಬಿರಡೆ ಕಿತ್ತು, ಸುರಿದು, ಒಂದು ಗುಟುಕು ಕುಡಿದ. ಮುಖ ಹಿಂಡಿದ ಬಟ್ಟೆಯಂತಾಯಿತು. ಥೂ ಎಂದು ಉಗಿದ.

"ಅಪ್ಪಟ ವಿನೆಗರ್! ನೋಡಿದ್ಯಾ? ನಾನಿಲ್ಲದಿದ್ರೆ ಇವತ್ತು ನಿನ್ನ ಗತಿ ಏನಾಗ್ತಿತ್ತು?"

ನಿಜ ಹೇಳಬೇಕೆಂದರೆ ಕಳ್ಳತನ ಒಪ್ಪಿಕೊಳ್ಳಬೇಕಿತ್ತು. ಮೇಲಾಗಿ, ತನ್ನಪ್ಪನ ವೈನನ್ನು ದೇವರಂತೆ ಕಾಪಾಡಿಕೊಂಡು ಬಂದು, ಇವತ್ತು ಗೆಳೆಯನಿಗಾಗಿ ಅದನ್ನೂ ಕೊಟ್ಟೆನೆಂದು ಕಣ್ಣು ತುಂಬಿಕೊಂಡು ನಿಂತವನಿಗೆ ಏನೆಂದು ಹೇಳುವುದು?

"ನೀನು ಮಾನ ಉಳಿಸ್ದೆ ಗಾತಿಯಾನ್," ಎಂದ ಎವಾರಿಸ್ತ್.

"ಇರ್ಲಿ ಬಿಡು. ವರ್ಷಕ್ಕೊಂದ್ಸಲ ಪುಕ್ಕಟೆ ಕ್ಷೌರ ಮಾಡು, ಸಾಕು. ತಗೋ, ನಿಮ್ಮಪ್ಪಂದು ನೀನೇ ತಗೊಂಡು ಹೋಗು," ಎಂದು ಆ ಬಾಟಲಿಯನ್ನು ಅವನ ಕಂಕುಳಿಗೆ ತುರುಕಿದ.

ಎವಾರಿಸ್ತನಿಗೆ ತಟ್ಟನೆ ಹೊಳೆಯಿತು. ಮಧ್ಯಾಹ್ನ ಖಾಲಿಯಾದ, ಅಪ್ಪನ ನಿಜವಾದ ಬಾಟಲಿಯ ತಳದಲ್ಲಿ ಗಷ್ಟು ಉಳಿದಿರಬೇಕು! ಒಂದು ಹನಿ ನಾಲಗೆಗೆ ಸಿಕ್ಕರೂ ಸಾಕಿತ್ತು. ಮನೆಗೆ ಒಂದೇ ಉಸಿರಿನಲ್ಲಿ ಓಡಿದ. ಅಡುಗೆಮನೆಯಲ್ಲಿ ಹೆಂಡತಿ ಸೋಲಾಂಜ್ ಆ ಖಾಲಿ ಬಾಟಲಿಯನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅದು ಥಳಥಳ ಹೊಳೆಯುತ್ತಿತ್ತು.

"ಒಳಗೆಲ್ಲ ಗಷ್ಟು ಹಿಡಿದಿತ್ತು. ಬಿಸಿನೀರು ಹಾಕಿ ಚೆನ್ನಾಗಿ ತೊಳೆದೆ," ಎಂದಳು. "ಮಾವನ ನೆನಪಿಗಿರಲಿ, ಸಲಾಡಿಗೆ ವಿನೆಗರ್ ತುಂಬಿಡೋಣ ಅಂತ."

ಎವಾರಿಸ್ತ್ ಅದನ್ನು ತೆಗೆದುಕೊಂಡು, ಚಿಕ್ಕಂದಿನಂತೆ ಒಮ್ಮೆ ಕಿವಿಗೆ ಒತ್ತಿಕೊಂಡ. ಊರಿಗೆಲ್ಲ ಮಾತಾಡಿ ಮುಗಿಸಿದ್ದ ಬಾಟಲಿ ಅವನಿಗೆ ಏನೂ ಹೇಳಲಿಲ್ಲ. ಕಂಕುಳಲ್ಲಿದ್ದ, ಗಾತಿಯಾನನ ಅಪ್ಪನ ವಿನೆಗರನ್ನು ತೆಗೆದು ಮೇಜಿನ ಮೇಲಿಟ್ಟ.

"ತುಂಬು," ಎಂದ.