ಭಜನೆಗೊಂದು ಗಟ್ಟಿ ಮಿಡಿ ಪೆಟ್ಟಿಗೆ

ವಿಘ್ನ ಕಳೆಯುವ ಗಣಪನಿಗೆ ಮೊದಲ ನಮಸ್ಕಾರ. ಬೆರಳಿಗೆ ಸ್ವರ ಕೊಟ್ಟ ಶಾರದೆಗೆ ನಮಸ್ಕಾರ. ಇಷ್ಟು ವರ್ಷ ನಮ್ಮ ಅಪಸ್ವರವನ್ನೂ ಎದ್ದು ಹೋಗದೆ ಕೇಳಿದ ಊರೂರಿನ ದೇವರುಗಳಿಗೆ ಒಂದು ನಮಸ್ಕಾರ ಹೆಚ್ಚು.

ಭಜನೆಗೆ ಹೋಗುವವರು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕೆಂದಿಲ್ಲ. ನಾವು ತಲುಪುವ ಮೊದಲೇ ಅವು ಚಾಪೆ ಹಾಸಿ ಕೂತಿರುತ್ತವೆ.

ನಾನು ಬಂಟ್ವಾಳದ ನಿವೃತ್ತ ಟೀಚರು. ನಮ್ಮ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವಳು. ಎರಡು ವರ್ಷದ ಹಿಂದೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಎಡಭುಜಕ್ಕೆ ಪೆಟ್ಟಾಯಿತು. ಹಾರ್ಮೋನಿಯಂಗೆ ಗಾಳಿ ಹಾಕುವ ಕೈ ಅದೇ. ನನ್ನ ಸೇವೆ ಇಲ್ಲಿಗೆ ಸಾಕು ಅಂತ ದೇವರಿಗೆ ಅನಿಸಿತೋ ಏನೋ ಎಂದು ಒಬ್ಬಳೇ ಕೂತು ಅತ್ತದ್ದೂ ಉಂಟು.

ಆಗ ಬಂದವಳು ನನ್ನ ಸೊಸೆ, ತಮ್ಮನ ಮಗಳು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುತ್ತಾಳೆ, ರಜೆ ಬಂದರೆ ವೇದಿಕೆ ಹತ್ತಿ ಎಲೆಕ್ಟ್ರಾನಿಕ್ ಸಂಗೀತ ನುಡಿಸುತ್ತಾಳೆ. ಕೈಯಲ್ಲೊಂದು ಮಿಡಿ ಕಂಟ್ರೋಲರ್. ನೋಡಲಿಕ್ಕೆ ಹಾರ್ಮೋನಿಯಂನ ಹಾಗೆ ಬೆರಳಲ್ಲಿ ಒತ್ತುವ ಕಪ್ಪುಬಿಳಿ ಮನೆಗಳಿರುವ ಪೆಟ್ಟಿಗೆ, ಬದಿಯಲ್ಲಿ ಎಂಟು ರಬ್ಬರಿನ ಗುಂಡಿಗಳು. ತನ್ನದಾಗಿ ಒಂದು ಶಬ್ದವೂ ಇಲ್ಲ. ಲ್ಯಾಪ್‌ಟಾಪಿಗೆ ವಯರು ಸಿಕ್ಕಿಸಿದರೆ ಅಲ್ಲಿಂದ ಸ್ವರ ಬರುತ್ತದೆ.

"ಅತ್ತೆ, ಇದಕ್ಕೆ ಗಾಳಿ ಬೇಡ. ಒಂದು ಕೈ ಸಾಕು," ಅಂದಳು.

ಮಂಡಳಿಗೆ ಯಜಮಾನರಾದ ನಮ್ಮ ಗುರಿಕಾರರು ಅದನ್ನು ತಿರುಗಿಸಿ ಮಗುಚಿ ನೋಡಿದರು. "ಸ್ವರವೇ ಇಲ್ಲದ ವಾದ್ಯವಾ ಟೀಚರೇ?"

"ನಮ್ಮಲ್ಲಿ ಹಾಡು ಹೇಳುವವರಿಗಿಂತ ಅಡ್ಡಿಯಿಲ್ಲ," ಎಂದರು ತಾಳದವರು.

ಗುರಿಕಾರರು ನಗಲಿಲ್ಲ. "ನೋಡುವ. ಆದ್ರೆ ಭಜನೆ ಮಧ್ಯದಲ್ಲಿ ನಿಲ್ಲುವುದು ದೇವರಿಗೆ ಅಪಚಾರ. ಮೂರು ಸಲ ಕೈಕೊಟ್ಟರೆ ಮಿಷನ್ ಅಟ್ಟಕ್ಕೆ. ಹಾರ್ಮೋನಿಯಂಗೆ ಬೇರೆ ಜನ ನೋಡುವ. ಬೇಜಾರು ಮಾಡ್ಬೇಡಿ."

ಬೇಜಾರು ಮಾಡದೆ ಮನೆಗೆ ಬಂದು ಎರಡು ದಿನ ಊಟ ಬಿಟ್ಟೆ.

ಕೂರುವ ಪೆಟ್ಟಿಗೆ

ಮೊದಲನೆಯ ಪೆಟ್ಟಿಗೆ ಬೆಳ್ತಂಗಡಿಗೆ ಹೋಗುವಾಗಲೇ ತೀರಿಹೋಯಿತು. ನಮ್ಮ ಜೀಪಿನಲ್ಲಿ ಹನ್ನೊಂದು ಜನ, ಸೀಟು ಎಂಟು. ನಮ್ಮ ತಾಳದವರು ದೊಡ್ಡ ದೇಹದವರು. ಮೂವತ್ತು ವರ್ಷದಿಂದ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆಯೇ ಅವರ ಆಸನ. ಅದು ಅವರ ಹಕ್ಕು, ಯಾರೂ ಪ್ರಶ್ನೆ ಮಾಡಿದವರಿಲ್ಲ. ಅಂದೂ ಜೀಪು ಹತ್ತಿ ಕೈಗೆ ಸಿಕ್ಕಿದ ವಾದ್ಯದ ಚೀಲವನ್ನು ನೆಲಕ್ಕೆ ಹಾಕಿ, "ರಾಮ ರಾಮ" ಅನ್ನುತ್ತಾ ಕೂತರು.

ಕಟಕಟ ಅಂತ ಶಬ್ದ ಕೇಳಿತು. ಅವರು ತಮ್ಮ ಮಂಡಿಯನ್ನು ಮುಟ್ಟಿ ನೋಡಿ, "ವಾತ ಜಾಸ್ತಿಯಾಗಿದೆ," ಅಂದರು.

ಬೆಳ್ತಂಗಡಿಯಲ್ಲಿ ಚೀಲ ಬಿಚ್ಚಿದರೆ ನಡುವಿನ ಏಳು ಮನೆಗಳು ಒಳಗೆ ಹೋಗಿ ಕೂತಿದ್ದವು. ಅಂದು ತಾಳ, ಮದ್ದಳೆಯಲ್ಲೇ ಭಜನೆ ಮುಗಿಸಿದೆವು. ವಾಪಸು ಬರುವಾಗ ನಾನು ಮೆಲ್ಲಗೆ ಹೇಳಿದೆ: "ಅಣ್ಣಾ, ಇದು ಕೂರುವ ಪೆಟ್ಟಿಗೆ ಅಲ್ಲ."

ಅವರಿಗೆ ನಿಜವಾಗಿ ನೋವಾಯಿತು. "ಟೀಚರೇ, ಹಾರ್ಮೋನಿಯಂ ಒಂದು ದಿನವೂ ಹೀಗೆ ದೂರು ಹೇಳಿದ್ದಿಲ್ಲ."

ನನ್ನದೇ ತಪ್ಪು

ಸೊಸೆ ತಂದುಕೊಟ್ಟ ಎರಡನೆಯದನ್ನು ಕೊಂದವಳು ನಾನೇ. ಯಾರ ಮೇಲೂ ಹಾಕುವುದಿಲ್ಲ.

ಆಯುಧಪೂಜೆಯ ದಿನ. ಮಿಕ್ಸಿ, ಹೊಲಿಗೆ ಮಿಷನ್, ತೆಂಗಿನಕಾಯಿ ತುರಿಯುವ ಮಣೆ ಎಲ್ಲಕ್ಕೂ ಗಂಧ ಹಚ್ಚಿದ ಮೇಲೆ ನನ್ನ ಕೈಹಿಡಿದ ಈ ಪೆಟ್ಟಿಗೆಯನ್ನು ಬಿಡಲಿಕ್ಕೆ ಮನಸ್ಸು ಬರುತ್ತದಾ? ಎಂಟು ಗುಂಡಿಗಳಲ್ಲಿ ಅಷ್ಟಲಕ್ಷ್ಮಿಯರನ್ನು ನೆನೆದು ಒಂದೊಂದಕ್ಕೂ ದಪ್ಪಗೆ ಗಂಧ, ನಡುವೆ ಕುಂಕುಮ. ತಿರುಗಿಸುವ ಬಿರಡೆಗಳಿಗೆ ಸೇವಂತಿಗೆ. ಕೊನೆಗೆ, ಜೀವಮಾನವಿಡೀ ಗಟ್ಟಿಯಾಗಿರಲಿ ಅಂತ, ತುಳಸಿಯಿಂದ ಮೂರು ಸಲ ತೀರ್ಥ ಪ್ರೋಕ್ಷಣೆ.

ಮರುದಿನ ಭಜನೆಯಲ್ಲಿ ಧನಲಕ್ಷ್ಮಿಯ ಗುಂಡಿ ಒತ್ತಿದರೆ ಮೇಲೆಯೇ ಬರಲಿಲ್ಲ. ಉಳಿದ ಏಳು ಲಕ್ಷ್ಮಿಯರು ಕೆಳಗೇ ಹೋಗಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಮೌನ. ಗುರಿಕಾರರು ಎರಡು ಬೆರಳು ಎತ್ತಿ ತೋರಿಸಿದರು.

ಸೊಸೆ ಬಿಚ್ಚಿ ನೋಡಿದಳು. ಒಳಗೆ ಒಣಗಿದ ಗಂಧ, ಒಂದು ತುಳಸಿ ಎಸಳು.

"ರಿಪೇರಿ ಆಗ್ತದಾ ಮಗಾ?"

"ಇದನ್ನು ಇನ್ನು ರಿಪೇರಿ ಮಾಡುವುದಲ್ಲ ಅತ್ತೆ, ದೇವರ ಕೋಣೆಯಲ್ಲಿ ಇಡುವುದು."

ಬಿ.ಸಿ.ರೋಡಿನ ಅಂಗಡಿ

ಉಳಿದದ್ದು ಒಂದೇ ಅವಕಾಶ. ಸೊಸೆ ನನಗೆ ಪಾಠ ಮಾಡಿದಳು: ಪ್ಲಾಸ್ಟಿಕ್ ಮೈ ಬೇಡ, ಲೋಹದ್ದು ಬೇಕು. ಬಿರಡೆ ಹಿಡಿದು ಅಲ್ಲಾಡಿಸಿದರೆ ಅಲ್ಲಾಡಬಾರದು. ವಯರು ಸಿಕ್ಕಿಸುವ ತೂತು ಮೈಗೆ ಗಟ್ಟಿಯಾಗಿ ಕೂತಿರಬೇಕು, ಯಾಕೆಂದರೆ ವೇದಿಕೆಯಲ್ಲಿ ಯಾರಾದರೂ ವಯರಿಗೆ ಕಾಲು ಹಾಕಿಯೇ ಹಾಕುತ್ತಾರೆ. ಗುಂಡಿ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ.

ಅಂಗಡಿಯ ಸಾಹೇಬರು ಗಲ್ಫಿನಲ್ಲಿ ಬಹಳ ವರ್ಷ ಇದೇ ವ್ಯಾಪಾರ ಮಾಡಿದವರು, ತಾಳ್ಮೆಯವರು. ನಾಲ್ಕು ಪೆಟ್ಟಿಗೆ ಇಳಿಸಿದರು.

"ಇದರ ಮೇಲೆ ಒಬ್ಬರು ಕೂತರೆ ತಡೀತದಾ?" ಕೇಳಿದೆ.

"ಇದರ ಮೇಲೆ ಯಾರು ಕೂರ್ತಾರೆ ಟೀಚರೇ?"

ಹೊರಗೆ ನಿಂತಿದ್ದ ತಾಳದವರನ್ನು ಕರೆದೆ. ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿ, ಮೂರು ಪೆಟ್ಟಿಗೆಗಳನ್ನು ಒಳಗಿಟ್ಟರು.

"ತೀರ್ಥ ಬಿದ್ದರೆ?"

"ನೀರು ಬಿದ್ದರೆ ಗ್ಯಾರಂಟಿ ಇಲ್ಲ. ತೀರ್ಥದ್ದು ಕಂಪೆನಿಯವರು ಬರೆದಿಲ್ಲ. ನೀವು ನಿಮ್ಮ ದೇವರ ಹತ್ರವೇ ಕೇಳ್ಬೇಕು."

ಅಷ್ಟರಲ್ಲಿ ಮಸೀದಿಯ ಬಾಂಗ್ ಕೇಳಿತು. ನಾನು ಪೆಟ್ಟಿಗೆಯಿಂದ ಕೈ ತೆಗೆದೆ. "ನೀವು ನಮಾಜಿಗೆ ಹೋಗಿ ಬನ್ನಿ. ಅಂಗಡಿ ನಾನು ನೋಡಿಕೊಳ್ತೇನೆ." ಅವರು ಒಂದು ಕ್ಷಣವೂ ಅನುಮಾನಿಸದೆ ಹೋದರು. ನನಗೆ ಕಣ್ಣು ತುಂಬಿತು.

ಆ ಹೊತ್ತಿನಲ್ಲಿ ಮೂವರು ಗಿರಾಕಿಗಳು ಬಂದರು. ಅವರು ಕೇಳಿದ್ದನ್ನೆಲ್ಲ ಹಿಡಿದು, ಅಲ್ಲಾಡಿಸಿ, ನನಗೆ ತಿಳಿದ ಸತ್ಯ ಹೇಳಿದೆ. ಪಾಪ, ಯಾರಿಗೂ ಮೋಸ ಆಗಬಾರದಲ್ಲ? ಸಾಹೇಬರು ಬರುವಾಗ ಮೂರನೆಯವರು ನನಗೆ ಕೈಮುಗಿದು ಬರಿಗೈಯಲ್ಲಿ ಇಳಿದು ಹೋಗುತ್ತಿದ್ದರು.

ನಡೆದದ್ದನ್ನು ಕೇಳಿ ಸಾಹೇಬರು ಟೊಪ್ಪಿ ಸರಿಮಾಡಿಕೊಂಡರು. "ಟೀಚರೇ, ನೀವು ಪುಣ್ಯವಂತರು. ಆದ್ರೆ ಇನ್ನೊಂದು ನಮಾಜಿನವರೆಗೆ ಇಲ್ಲಿದ್ದರೆ ನಾನು ಪುನಃ ಗಲ್ಫಿಗೆ ಹೋಗ್ಬೇಕಾದೀತು."

ಲೋಹದ ಮೈಯ ಆ ನಾಲ್ಕನೆಯದನ್ನೇ ತಂದೆವು.

ಹರಕೆ

ಅದರ ಮೊದಲ ಸೇವೆ ಪುತ್ತಿಗೆ ಕಡೆಯ ಒಂದು ಸಣ್ಣ ದೇವಸ್ಥಾನದಲ್ಲಿ. ಹನ್ನೆರಡೂವರೆಗೆ ಮಹಾಪೂಜೆ, ಅಲ್ಲಿವರೆಗೆ ಭಜನೆ. ಮಂಗಳ ಹಾಡುವಾಗ ಬೇಕೆಂದು ಸೊಸೆ ಒಂದು ಗುಂಡಿಗೆ ಶಂಖ, ಜಾಗಟೆಯ ಶಬ್ದ ಹಾಕಿಕೊಟ್ಟಿದ್ದಳು. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ಬಂದ್.

ಇಂದು ಪೆಟ್ಟಿಗೆ ನಿಂತರೆ ನಾನೂ ನಿಂತ ಹಾಗೆ. ಆದರೆ ಒಂದು ಹಾಡಾಯಿತು, ಎರಡಾಯಿತು, ಐದಾಯಿತು. ಪೆಟ್ಟಿಗೆ ಜಗ್ಗಲಿಲ್ಲ. ಆಗ ಗುರಿಕಾರರು ಮೆಲ್ಲನೆ ಎದ್ದು ಸೊಂಟಕ್ಕೆ ಶಾಲು ಬಿಗಿದು, ಚೀಲದಿಂದ ತೆಂಗಿನಕಾಯಿ ತೆಗೆದರು. ಯಾರಿಗೂ ಹೇಳದೆ ಅವರು ಹರಕೆ ಹೊತ್ತಿದ್ದರಂತೆ: ಟೀಚರ ಮಿಷನ್ ಐದು ಹಾಡು ನಿಲ್ಲದೆ ನಡೆದರೆ ಗಣಪತಿಗೆ ಒಂದು ಈಡುಗಾಯಿ!

ಮೆಟ್ಟಿಲ ಬಳಿಯ ಕಲ್ಲಿಗೆ ಅವರು ಭಕ್ತಿಯಿಂದ ಬೀಸಿ ಹೊಡೆದರು. ಭಕ್ತಿ ಸ್ವಲ್ಪ ಹೆಚ್ಚಾಯಿತು. ಅರ್ಧ ಕಾಯಿ ಚಪ್ಪರದೆತ್ತರ ಹಾರಿ ಬಂದು ನನ್ನ ಪೆಟ್ಟಿಗೆಯ ಮೇಲೆ ಬಿತ್ತು.

ಪೆಟ್ಟಿಗೆಗೆ ಒಂದು ಗೀರೂ ಬೀಳಲಿಲ್ಲ. ಆದರೆ ಕಾಯಿ ಬಿದ್ದದ್ದು ಶಂಖದ ಗುಂಡಿಗೆ.

ಶಂಖ ಮೊಳಗಿತು. ಜಾಗಟೆ ಬಡಿಯಿತು. ಇನ್ನೂರು ಜನ ಒಟ್ಟಿಗೆ ಎದ್ದು ಕೈಮುಗಿದರು. ಗರ್ಭಗುಡಿಯಲ್ಲಿ ಅಲಂಕಾರ ಮಾಡುತ್ತಿದ್ದ ಭಟ್ರು ಗಾಬರಿಯಿಂದ ಆರತಿ ಹೊತ್ತಿಸಿದರು. ಗಂಟೆ ಆಗ ಹನ್ನೊಂದೂವರೆ. ಒಂದು ಗಂಟೆ ಮೊದಲೇ ಆರತಿ ಎತ್ತಿದ ಆ ಪುಣ್ಯಾತ್ಮರು ತಡವಾಯಿತೆಂದು ದೇವರಲ್ಲಿ ಗಟ್ಟಿಯಾಗಿ ಕ್ಷಮೆಯನ್ನೂ ಕೇಳಿದರು.

ನಾನು ಕಾಯಿ ಸರಿಸಿ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆದರೆ ಎತ್ತಿದ ಆರತಿಯ ನಡುವೆ ಶಂಖ ನಿಲ್ಲಿಸುವುದುಂಟಾ? ಬೆರಳು ತೆಗೆದು ನಾನೂ ಎದ್ದು ಕೈಮುಗಿದೆ.

ಆರತಿ ಆದ ಮೇಲೆ ಪ್ರಸಾದ, ಪ್ರಸಾದ ಆದ ಮೇಲೆ ಊಟ. ಜನ ಹೋಗಿ ಎಲೆಯ ಮುಂದೆ ಕೂತರು. ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದರು. "ಯಾರು ಮಾರಾಯ್ರೆ ಆರತಿ ಎತ್ತಿಸಿದ್ದು? ಒಳಗೆ ಅಕ್ಕಿ ಇನ್ನೂ ಅಕ್ಕಿಯೇ ಉಂಟು!"

ಭಜನೆಯವರು, ಅಡುಗೆಯವರು, ಭಟ್ರು, ಎಲ್ಲರೂ ನನ್ನನ್ನು ನೋಡಿದರು. ನಾನು ಗುರಿಕಾರರನ್ನು ನೋಡಿದೆ. ಅವರು ನೆಲದಲ್ಲಿದ್ದ ಅರ್ಧ ಕಾಯಿಯನ್ನು ಹೆಕ್ಕಿ, ಪೆಟ್ಟಿಗೆಯನ್ನು ಅಂಗೈಯಲ್ಲಿ ಸವರಿ ತೀರ್ಪು ಕೊಟ್ಟರು:

"ಮಿಷನ್ ಗಟ್ಟಿ ಉಂಟು. ಅದೂ ಇರಲಿ, ಟೀಚರೂ ಇರಲಿ. ಇನ್ನು ಮುಂದೆ ತೆಂಗಿನಕಾಯಿ ಒಡೆಯಲಿಕ್ಕೆ ಬೇರೆ ಜನ ನೋಡುವ."

ಕೂತು ಕೇಳಿದ ನಿಮಗೆಲ್ಲ ದೇವರು ಒಳ್ಳೆಯದು ಮಾಡಲಿ. ನಿಮ್ಮ ಕೈಗೆ ಬಲ, ಮನೆಗೆ ನಗು, ಎಲೆಗೆ ಹೊತ್ತಿಗೆ ಸರಿಯಾಗಿ ಬೆಂದ ಅನ್ನ ಸಿಗಲಿ.