ಹೊಗಳಿದ್ದೆಲ್ಲ ಮುಕಾಶನದು

ಮುಕಾಶನಿಗೆ ಬಿಸಿಲು ಬಂದರೆ ಕಣ್ಣು ಕುಕ್ಕುತ್ತಿತ್ತು, ಮೋಡ ಬಂದರೆ ಮಂಡಿ ನೋಯುತ್ತಿತ್ತು. ಹಿಮ ಬೀಳುವ ಬೆಟ್ಟಸೀಮೆಯ ನಾರಿನ್ ಊರಿನ ರಸ್ತೆ ರಿಪೇರಿ ಡಿಪೊದಲ್ಲಿ ಗುದ್ದಲಿ ಹಿಡಿದೇ ಅವನ ತಲೆ ನರೆತಿತ್ತು. ಮೇಸ್ತ್ರಿ ಪಟ್ಟ ಮಾತ್ರ ಪ್ರತಿ ಸಲವೂ ಬೇರೆಯವರ ಪಾಲು. ಈಗ ಮತ್ತೆ ಆ ಜಾಗ ಖಾಲಿಯಾಗಿತ್ತು. ಹಿಂದಿನ ದಿನ ರಾಜಧಾನಿಯಿಂದ ಒಬ್ಬ ಹೆಣ್ಣುಮಗಳು ಬಂದು, ನೋಡುವ ದೃಷ್ಟಿ ಬದಲಾದರೆ ಬಾಳೇ ಬದಲಾಗುತ್ತದೆ, ಎದುರಿಗೆ ಬಂದವರಲ್ಲಿ ಒಂದು ಒಳ್ಳೆಯದನ್ನು ಹುಡುಕಿ ಬಾಯಿಬಿಟ್ಟು ಹೇಳಿ ಎಂದು ಪಾಠ ಮಾಡಿ ಹೋಗಿದ್ದಳು. ಬೆಳಿಗ್ಗೆ ಮುಕಾಶ ಚಹಾ ಆರಿದೆ ಎಂದು ಗೊಣಗಿದ್ದೇ ತಡ, ಡಿಪೊದ ಯಜಮಾನ ಇಸಾಬೆಕ್ ಹಿಡಿದುಕೊಂಡ.

“ಆಯಮ್ಮ ಹೇಳಿದ್ದು ನಿನಗೇ ಕಣೋ. ಸಂಜೆ ತನಕ ಬಾಯಲ್ಲಿ ಒಳ್ಳೆ ಮಾತೇ ಬಂದ್ರೆ ನೀನು ಮೇಸ್ತ್ರಿ. ಒಂದು ಗೊಣಗಾಟ ಕೇಳಿಸ್ತೋ, ಇಲ್ಲ ಬಾಯಿ ಮುಚ್ಕೊಂಡು ಕೂತ್ಯೋ, ಕೆರಿಮ್‌ಬಾಯ್ ಮೇಸ್ತ್ರಿ.”

ಅಂಗಳದಲ್ಲಿ ಮುಕಾಶನ ಜೊತೆ ಗುದ್ದಲಿ ಹಿಡಿಯುವ ಅದೇ ಕೆರಿಮ್‌ಬಾಯ್ ಹೊಸ ಉಣ್ಣೆ ಟೋಪಿ ಹಾಕಿಕೊಂಡು ನಿಂತಿದ್ದ. ಸೊಟ್ಟಗಿದೆ ಎಂಬ ಮಾತು ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಮುಕಾಶ ಟೋಪಿಯನ್ನು ಬಾಯ್ತುಂಬ ಹೊಗಳಿದ. ಕೆರಿಮ್‌ಬಾಯ್‌ನ ಮುಖ ಕತ್ತಿ ಕಂಡ ಟಗರಿನ ಹಾಗಾಯಿತು. ಟೋಪಿ ತೆಗೆದು ಮುಕಾಶನ ಕೈಗಿಟ್ಟ.

ಆ ಸೀಮೆಯೇ ಹಾಗೆ. ನಿಮ್ಮದನ್ನು ಯಾರಾದರೂ ಹೊಗಳಿದರೆ ಕೊಟ್ಟುಬಿಡಬೇಕು. ಕೊಟ್ಟದ್ದನ್ನು ಬೇಡ ಅಂದರೆ ಕೊಟ್ಟವನ ಮುಖಕ್ಕೆ ಉಗಿದಂತೆ. ಹುಟ್ಟಿದಾಗಿನಿಂದ ಏನನ್ನೂ ಹೊಗಳದ ಮುಕಾಶನಿಗೆ ಈ ಪದ್ಧತಿ ನೆನಪಾದದ್ದೇ ಟೋಪಿ ಕೈಗೆ ಬಂದ ಮೇಲೆ. ಬಾಯಿ ಮುಚ್ಚಿಕೊಳ್ಳೋಣವೆಂದರೆ ಕಿಟಕಿಯಲ್ಲಿ ಇಸಾಬೆಕ್‌ನ ಕಿವಿ.

ಕಾವಲುಗಾರನ ಚಾವಟಿ ಬಂತು. ಅಡುಗೆಯ ಬುರುಲ್ ಅಕ್ಕನ ಹುಂಜ ಕಂಕುಳಿಗೆ ಬಂತು. ಕೊಡಲಾಗದ್ದನ್ನೇ ಹೊಗಳೋಣ ಎಂದು ಲಾರಿ ಡ್ರೈವರನ ಮೀಸೆಯ ಮಾತೆತ್ತಿದರೆ, ಅವನು ಮೀಸೆ ಮುಚ್ಚಿಕೊಂಡು ಲಾರಿಯಡಿ ತೂರಿದ. ಮಧ್ಯಾಹ್ನದ ಹೊತ್ತಿಗೆ ಮುಕಾಶ ಸಂತೆಗೆ ಕಾಲು ಬಂದಂತೆ ನಡೆದಾಡುತ್ತಿದ್ದ. ಅವನು ಬರುವುದು ಕಂಡರೆ ಜನ ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಎಳೆದುಕೊಳ್ಳುತ್ತಿದ್ದರು.

ಬುರುಲ್ ಅಕ್ಕ ಸೌಟು ಹಿಡಿದು ಅಡ್ಡ ನಿಂತಳು. “ನಿನ್ನ ಗೊಣಗಾಟ ಎಷ್ಟು ಚೆನ್ನಾಗಿತ್ತೋ ತಮ್ಮಾ. ಹೊಗಳಿದೀನಿ ನೋಡು, ಅದನ್ನೇ ನಮಗೆ ವಾಪಸ್ ಕೊಟ್ಬಿಡು. ನನ್ನ ಹುಂಜ ಹೋದದ್ದು ಸಾಕು.”

ಸಂಜೆ ಇಸಾಬೆಕ್ ಎಲ್ಲರನ್ನೂ ಚಹಾಕ್ಕೆ ಕೂರಿಸಿದ. ಘಾಟಿಯ ಮೇಲೆ ರಸ್ತೆಯ ಹಿಮ ತೋಡುವ ಠಾಣೆಯ ಯಜಮಾನ ಓರೊಜ್ ಕೂಡ ಲಾರಿಗೆ ಡೀಸೆಲ್ ಹಾಕಿಸಲು ಬಂದವನು ಅಲ್ಲೇ ಇದ್ದ. ಹೊರಗೆ ವರ್ಷದ ಮೊದಲ ಹಿಮ ಬೀಳತೊಡಗಿತು. ಎಲ್ಲರೂ ಮುಕಾಶನನ್ನೇ ನೋಡಿದರು.

“ಬೀಳಲಿ ಬಿಡಿ,” ಎಂದ ಮುಕಾಶ, ಹಲ್ಲು ಕಚ್ಚಿ. “ಧೂಳು ಅಡಗತ್ತೆ. ತೋಡಿದ್ರೆ ಮೈಯೂ ಬೆಚ್ಚಗಾಗತ್ತೆ.”

ನೀನು ಗೆದ್ದೆ ಎನ್ನುವಂತೆ ಇಸಾಬೆಕ್ ತೊಡೆ ತಟ್ಟಿದ. ಇನ್ನೇನು ಮೇಸ್ತ್ರಿ ಎಂದು ಹೆಸರು ಹೇಳಬೇಕು, ಓರೊಜ್ ಬಟ್ಟಲು ಕೆಳಗಿಟ್ಟ.

“ಎಂಥಾ ಆಳಪ್ಪ ಇದು. ಇಷ್ಟು ವರ್ಷ ಹಿಮ ತೋಡಿಸ್ತಿದೀನಿ, ಇಂಥವನನ್ನ ಎಲ್ಲೂ ಕಾಣಲಿಲ್ಲ.”

ಇಸಾಬೆಕ್ ನೆಲ ನೋಡಿದ, ಸೂರು ನೋಡಿದ. ಕೊನೆಗೆ ಎದ್ದು ಎದೆಯ ಮೇಲೆ ಕೈಯಿಟ್ಟುಕೊಂಡ.

“ಕರ್ಕೊಂಡು ಹೋಗಣ್ಣ. ನಿನ್ನವನೇ.”

ಗಂಟುಮೂಟೆಯನ್ನು ಲಾರಿಗೆ ಹೇರಿದವನು ಕೆರಿಮ್‌ಬಾಯ್. ಅಷ್ಟು ಚುರುಕಾಗಿ ಅವನು ಕೆಲಸ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಕತ್ತಲಾಗುವ ಮೊದಲೇ ಲಾರಿ ಘಾಟಿ ಹತ್ತಿತು. ಅಲ್ಲಿ ಬಂಡೆ, ಗಾಳಿ, ಒಂದು ಗುಡಿಸಲು, ವಸಂತದ ತನಕ ತೋಡಿದರೂ ಮುಗಿಯದಷ್ಟು ಹಿಮ. ತನ್ನ ಜಾಗ ಹೇಗಿದೆ ಎಂದು ಓರೊಜ್ ಹೆಮ್ಮೆಯಿಂದ ಕೇಳಿದ.

ಚೆನ್ನಾಗಿದೆ ಅನ್ನಲು ಮುಕಾಶ ಬಾಯಿ ತೆರೆದವನು, ಎರಡೂ ಕೈಯಿಂದ ಗಬಕ್ಕನೆ ಮುಚ್ಚಿಕೊಂಡ. ಹೊಗಳಿದರೆ ಇದನ್ನೂ ಕೊಟ್ಟುಬಿಟ್ಟಾನು.