ಎಕ್ಕೆ ಎಲೆಯ ಜುಮುಕಿ

ನನಗೆ ಯಾರೂ ಏನನ್ನೂ ಕಲಿಸಲಿಲ್ಲ ಎನ್ನುವುದು ನನ್ನ ದೊಡ್ಡ ಹೆಮ್ಮೆ. ನನ್ನ ಕಷ್ಟಗಳೆಲ್ಲ ಹುಟ್ಟಿದ್ದೇ ಅಲ್ಲಿಂದ ಎನ್ನುವುದು ಮನೆಯವರ ಅಭಿಪ್ರಾಯ. ಹಕ್ಕಿ, ಹುಳು, ಗಿಡ ನೋಡುವುದನ್ನು ನಾನು ಸ್ವಂತ ಬುದ್ಧಿಯಿಂದ ಕಲಿತೆ. ಆ ವರ್ಷ ಬಿ.ಎ. ಮುಗಿದಿತ್ತು. ಬೆಳಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿ ಬಂದರೆ ಉಳಿದ ಹೊತ್ತೆಲ್ಲ ಕೂಡ್ಲಿಗಿಯ ನಮ್ಮ ಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಅಕ್ಕಪಕ್ಕದವರು ಮೊದಮೊದಲು, ಪಾಪ, ಹುಡುಗಿಯದು ಏನೋ ಕಳೆದುಹೋಗಿದೆ ಅಂದುಕೊಂಡು ತಾವೂ ಬಂದು ಹುಡುಕುತ್ತಿದ್ದರು. ಆಮೇಲೆ ಬರುವುದನ್ನು ಬಿಟ್ಟರು. ಕಳೆದುಹೋಗಿದ್ದು ಏನೆಂದು ಅವರಿಗೆ ಅರ್ಥವಾಗಿರಬೇಕು.

ಲೈಬ್ರರಿಯಿಂದ ತಂದ ಒಂದು ಪುಸ್ತಕವೇ ನನ್ನ ಗುರು. ಶರದೃತು ಬಂತೆಂದರೆ ಎಲೆಗಳು ಕೆಂಪಾಗಿ ಉದುರುತ್ತವೆ ಎಂದು ಅದರಲ್ಲಿ ಬಣ್ಣದ ಚಿತ್ರ ಸಮೇತ ಬರೆದಿತ್ತು. ಎರಡು ವರ್ಷ ನಾನು ಮಹಾನವಮಿ ಮುಗಿದ ಮರುದಿನದಿಂದಲೇ ಬೇವಿನ ಮರದ ಕೆಳಗೆ ನಿಂತು ಕಾದೆ. ನಮ್ಮ ಹಿತ್ತಲು ಆ ಪುಸ್ತಕ ಓದಿರಲಿಲ್ಲ. ಹಿಂಗಾರು ಮಳೆ ಎರಡು ಬಿದ್ದರೆ ಸಾಕು, ಉತ್ತರಾಣಿ ಸೊಂಟದುದ್ದ ಬೆಳೆದು ಲಂಗಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ತುಂಬೆ ಬೆಳ್ಳಗೆ, ಬೇಲಿಯ ತಂಗಟೆ ಹಳದಿಯಾಗಿ ಹೂ ಬಿಡುತ್ತಿದ್ದವು. ಅವರೆ ಬಳ್ಳಿ ಬಚ್ಚಲ ಮನೆಯ ಮೇಲೆ ಹತ್ತಿ ಕೂತಿರುತ್ತಿತ್ತು. ಆದರೆ ಸೀಗಿ ಹುಣ್ಣಿಮೆ ದಾಟಿ ಬೆಳಗಿನ ಗಾಳಿ ತಣ್ಣಗಾಯಿತೋ, ದಿನಕ್ಕೊಂದು ಜೀವ ಹೇಳದೆ ಕೇಳದೆ ಕಾಣೆಯಾಗುವುದು. ಇವತ್ತು ಏರೋಪ್ಲೇನ್ ಚಿಟ್ಟೆ ಇಲ್ಲ. ನಾಳೆ ಬೇಲಿಯ ಮೇಲಿನ ಓತಿಕ್ಯಾತ ಇಲ್ಲ. ಸಾಲದ್ದಕ್ಕೆ ದೀಪಾವಳಿಗೆ ಮೊದಲು ಅಮ್ಮ ಕುಡುಗೋಲು ಹಿಡಿದು ಹಿತ್ತಲು ಸ್ವಚ್ಛ ಮಾಡುತ್ತಿದ್ದಳು. ಅಂದರೆ ವರ್ಷದಲ್ಲಿ ನನಗೆ ಸಿಗುತ್ತಿದ್ದುದು ಗಟ್ಟಿಯಾಗಿ ಹದಿನೈದು ದಿನ.

ಆ ಹದಿನೈದು ದಿನದಲ್ಲಿ ನನಗೆ ಬೇಕಾಗಿದ್ದು ಒಂದೇ. ಚಿಟ್ಟೆ ಗೂಡು ಒಡೆದು ಹೊರಗೆ ಬರುವುದನ್ನು ನನ್ನ ಕಣ್ಣಾರೆ ನೋಡಬೇಕು. ಹಿತ್ತಲ ಮೂಲೆಯ ಎಕ್ಕೆ ಗಿಡದ ಮೇಲೆ ಪಟ್ಟೆಪಟ್ಟೆ ಹುಳುಗಳು ಎಲೆ ತಿಂದು ಬೆಳೆದು, ಒಂದು ದಿನ ಎಲೆಯ ಅಡಿಗೆ ತಲೆಕೆಳಗಾಗಿ ನೇತುಬಿದ್ದು, ಮರುದಿನ ನೋಡಿದರೆ ಹಸಿರು ಗೂಡಾಗಿರುತ್ತಿದ್ದವು. ಮೇಲೆ ಬಂಗಾರದ ಚುಕ್ಕೆಗಳು ಬೇರೆ. ಮೊದಲನೆಯ ಗೂಡನ್ನು, ಇರುವೆ ಮುತ್ತಬಾರದೆಂದು, ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಬಿಸಿಲಿಗಿಟ್ಟೆ. ಅದು ಒಳಗೇ ಬೆಂದು ಕಪ್ಪಾಯಿತು. ಎರಡು ದಿನ ಊಟ ಸೇರಲಿಲ್ಲ. ಎರಡನೆಯದು ನಾನು ಉಪ್ಪಿಟ್ಟು ತಿಂದು ಬರುವಷ್ಟರಲ್ಲಿ ಒಡೆದು, ಖಾಲಿ ಸಿಪ್ಪೆ ಗಾಳಿಗೆ ಅಲ್ಲಾಡುತ್ತಿತ್ತು. ಉಳಿದದ್ದು ಮೂರನೆಯದು. ಅದೇ ಕೊನೆಯದು, ಗಿಡದಲ್ಲಿ ಬೇರೆ ಹುಳು ಇರಲಿಲ್ಲ, ಅಮ್ಮನ ಕುಡುಗೋಲಿಗೆ ನಾಲ್ಕೇ ದಿನ ಬಾಕಿ.

ಈ ಸಲ ಬಾಟಲಿಯ ಗೋಜಿಗೆ ಹೋಗಲಿಲ್ಲ. ಆದರೆ ಅದೇ ಗಿಡದಿಂದ ನಮ್ಮ ಅಜ್ಜಿ ಪ್ರತಿ ಶುಕ್ರವಾರ ಸಂಜೆ ಎಲೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಶನಿವಾರ ಬೆಳಗ್ಗೆ ಓಣಿಯ ಹನುಮಪ್ಪನಿಗೆ ಹಾರ ಮಾಡುತ್ತಿದ್ದಳು. ತಪ್ಪಿ ಈ ಎಲೆಯನ್ನೂ ಕಿತ್ತರೆ? ಅದಕ್ಕೇ ಶುಕ್ರವಾರ ಮಧ್ಯಾಹ್ನ ದೇವರ ಜಗಲಿಯ ಮೇಲಿದ್ದ ಕೆಂಪು ದಾರ ತಂದು ಆ ಎಲೆಯ ತೊಟ್ಟಿಗೆ ಕಟ್ಟಿದೆ. ಕೆಂಪು ದಾರ ಕಂಡರೆ ಯಾರಾದರೂ ಬಿಟ್ಟುಬಿಡುತ್ತಾರೆ ಎನ್ನುವುದು ನನ್ನ ಲೆಕ್ಕಾಚಾರ. ಯಾರನ್ನೂ ಕೇಳಲಿಲ್ಲ. ಸ್ವಂತ ಬುದ್ಧಿ ನೋಡಿ.

ಶನಿವಾರ ಬೆಳಗ್ಗೆ ಗಿಡ ನೋಡದೆಯೇ ಕ್ಲಾಸಿಗೆ ಹೋಗಿದ್ದವಳು, ಮುಗಿಸಿ ಸೀದಾ ಹಿತ್ತಲಿಗೆ ಓಡಿದೆ. ಗಿಡ ಇತ್ತು, ಟೊಂಗೆ ಇತ್ತು, ಎಲೆ ಇರಲಿಲ್ಲ. ಅಮ್ಮ ಬಚ್ಚಲ ಹತ್ತಿರ ಪಾತ್ರೆ ತಿಕ್ಕುತ್ತಿದ್ದವಳು ನನ್ನ ಮುಖ ನೋಡದೆಯೇ ಹೇಳಿದಳು:

“ನಿನ್ನ ಹರಕಿ ಎಲಿ ನಟ್ಟನಡುವ ಬರೋ ಹಂಗ ಹಾರ ಪೋಣಿಸ್ಯಾಳ ನಿಮ್ಮಜ್ಜಿ. ಹರಕಿ ಹೊತ್ತಿದ್ದು ಹೆತ್ತಾಕಿಗೆ ಒಂದು ಮಾತು ಹೇಳಬಾರದಿತ್ತೇನು?”

ಕೆಂಪು ದಾರ ಕಟ್ಟಿದ್ದು ದೇವರ ಪಾಲು ಎನ್ನುವುದು ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ನನ್ನ ಪುಸ್ತಕದಲ್ಲಿ ಮಾತ್ರ ಅದು ಇರಲಿಲ್ಲ.

ಗುಡಿಯವರೆಗೆ ಹೇಗೆ ಹೋದೆನೋ ನೆನಪಿಲ್ಲ. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಎದುರುಮನೆ ಗಂಗಕ್ಕ. ಹಾರ ಆಗಲೇ ಹನುಮಪ್ಪನ ಕೊರಳಲ್ಲಿತ್ತು. ನಟ್ಟನಡುವೆ, ಸಿಂಧೂರ ಬಳಿದ ಎದೆಯ ಮೇಲೆ, ನನ್ನ ಎಲೆ. ಅದರ ಅಂಚಿನ ಕೆಳಗೆ ನನ್ನ ಗೂಡು. ನಾನು ದಾರ ಕಟ್ಟಿದಾಗ ಹಸಿರಿತ್ತು. ಈಗ ಕಪ್ಪಾಗಿ, ಒಳಗಿನ ಕಿತ್ತಳೆ ರೆಕ್ಕೆ ಹೊರಗೇ ಕಾಣುತ್ತಿತ್ತು. ಒಡೆಯಲು ಇನ್ನು ಹೆಚ್ಚು ಹೊತ್ತಿಲ್ಲ ಎಂದು ಪುಸ್ತಕ ಹೇಳಿದ್ದ ಗುರುತು ಅದೇ. ಇಷ್ಟಾಗಿಯೂ ಅದು ಜಜ್ಜಿಹೋಗಿರಲಿಲ್ಲ.

ಅಜ್ಜಿಯದು ಆಪರೇಷನ್ ಆದ ಕಣ್ಣು. ದೂರದ್ದು ಚೊಕ್ಕ ಕಾಣುತ್ತದೆ, ಹತ್ತಿರದ್ದೆಲ್ಲ ಅಂದಾಜು. ಬಂಗಾರದ ಚುಕ್ಕೆ ಕಂಡು, ಮೊಮ್ಮಗಳು ದೇವರಿಗೆ ಜುಮುಕಿ ಕಟ್ಟಿದ್ದಾಳೆ ಎಂದೇ ತಿಳಿದು, ಅದು ಉದುರಬಾರದೆಂದು ಆ ಎಲೆಯನ್ನು ಬಟ್ಟೆಯಲ್ಲಿ ಸುತ್ತದೆ ಬೇರೆ ಇಟ್ಟು, ಹಾರಕ್ಕೆ ಪೋಣಿಸಿದ ಮೇಲೂ ಅಂಗೈಯಲ್ಲಿಟ್ಟುಕೊಂಡು ತಂದಿದ್ದಳಂತೆ. ಅದು ಜುಮುಕಿ ಅಲ್ಲ, ಅದರಲ್ಲಿ ಜೀವ ಇದೆ ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ. “ಇರಲಿ ಬಿಡವಾ, ಜೀವ ಇಟ್ಟು ಬೇಡಿದ್ರನ ಕೊಡ್ತಾನ” ಎಂದು ನನ್ನ ಬೆನ್ನು ಸವರಿದಳು. ಗಂಗಕ್ಕ ಅತ್ತ ಕಡೆಯಿಂದ ಬಗ್ಗಿ, ಹುಡುಗ ಹೊಸಹಳ್ಳಿ ಕಡೆಯವನೋ, ನಮ್ಮವರೋ ಹೊರಗಿನವರೋ ಎಂದು ಬಹಳ ಮೆತ್ತಗೆ ವಿಚಾರಿಸಿದಳು.

ನಾನು ಪೂಜಾರಪ್ಪನ ಹತ್ತಿರ ಹೋಗಿ, ಆ ಎಲೆ ಒಂದನ್ನು ಇಳಿಸಿಕೊಡಿ ಎಂದು ಕೈಮುಗಿದೆ. ಏರಿಸಿದ್ದನ್ನು ಸಂಜೆಯವರೆಗೆ ಇಳಿಸುವ ಹಾಗಿಲ್ಲ ಅಂದ. ಅಷ್ಟರಲ್ಲಿ ಕರ್ಪೂರ ಹಚ್ಚಿದ. ಗೂಡು ಇರುವ ಕಡೆಗೇ ಆ ಬೆಂಕಿ ದುಂಡಗೆ ತಿರುಗುತ್ತ ಹೋಯಿತು. ಬಿಸಿಲಿಗಿಟ್ಟ ಬಾಟಲಿ ಕಣ್ಣ ಮುಂದೆ ಬಂತು.

“ಪೂಜಾರಪ್ಪಾರ, ಆರತಿ ಒಂದೀಟು ದೂರ ಹಿಡೀರಿ.”

“ಮೂವತ್ತು ವರ್ಷ ಆತು ಹಿಡಿಯಾಕತ್ತು,” ಪೂಜಾರಪ್ಪ ತಟ್ಟೆ ನಿಲ್ಲಿಸದೆ ಹೇಳಿದ. “ಹನುಮಪ್ಪ ಒಂದಿನಾನೂ ಸುಟ್ಟಿತು ಅಂದಿಲ್ಲ. ನೀ ಕಣ್ಣು ಮುಚ್ಚಿ ಹರಕಿ ಹೇಳ್ಕೋ.”

ನಾನು ಮುಚ್ಚಲಿಲ್ಲ. ಇಷ್ಟು ದಿನ ಕಾದದ್ದು ಮುಚ್ಚುವುದಕ್ಕೇನು? ಆದರೆ ಪೂಜಾರಪ್ಪ ಆರತಿ ಹಿಡಿದುಕೊಂಡೇ ನಿಂತ. ನಾನು ಕಣ್ಣು ಮುಚ್ಚುವವರೆಗೆ ಅವನು ಮುಂದುವರಿಯುವ ಹಾಗೆ ಕಾಣಲಿಲ್ಲ. ಬೆಂಕಿ ಗೂಡಿನ ಎದುರಿಗೇ ನಿಂತಿದೆ. ಗಂಗಕ್ಕ ನೋಡುತ್ತಿದ್ದಾಳೆ. ಆರತಿಗೆ ಎದ್ದು ಬಂದಿದ್ದ ಅಜ್ಜಿ ಮೊಣಕೈಯಿಂದ ತಿವಿದಳು. ಆರತಿ ಮುಂದೆ ಹೋಗಲಿ ಎನ್ನುವ ಒಂದೇ ಕಾರಣಕ್ಕೆ ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಏನಾಯಿತೋ, ದೇವರ ವಿಷಯದಲ್ಲಿ ಮನೆಯಲ್ಲಿ ಅಷ್ಟೆಲ್ಲ ವಾದ ಮಾಡುವ ನಾನು, ಅಪ್ಪಾ, ಇದೊಂದು ಸಾಯದೆ ಹೊರಗೆ ಬರಲಿ, ನಾನು ನೋಡದಿದ್ದರೂ ಚಿಂತೆಯಿಲ್ಲ ಎಂದು ನಿಜವಾಗಿಯೂ ಬೇಡಿಕೊಂಡೆ. ಎರಡು ಸಲ, ಮೂರು ಸಲ. ಗಂಟೆ ಬಾರಿಸುತ್ತಲೇ ಇತ್ತು.

ಗಂಟೆ ನಿಂತಾಗ ಕಣ್ಣು ಬಿಟ್ಟೆ. ಎಲೆಯ ಅಡಿಯಲ್ಲಿ ಗಾಜಿನಂಥ ಖಾಲಿ ಸಿಪ್ಪೆ. ಅದನ್ನು ಹಿಡಿದು ಒದ್ದೆಮುದ್ದೆಯಾದ ಕಿತ್ತಳೆ ಬಣ್ಣದ ಚಿಟ್ಟೆ ಹನುಮಪ್ಪನ ಎದೆಯ ಮೇಲೆ ತೂಗುತ್ತಿತ್ತು. ಪೂಜಾರಪ್ಪ ತಟ್ಟೆ ಹಿಡಿದವನು ಹಿಡಿದಂತೆಯೇ ನಿಂತಿದ್ದ. ಗಂಗಕ್ಕ ಬಾಯಿಗೆ ಸೆರಗು ಇಟ್ಟುಕೊಂಡಿದ್ದಳು. ಗುಡಿಯಲ್ಲಿದ್ದ ಅಷ್ಟೂ ಜನ ನೋಡಿದ್ದರು, ನನ್ನೊಬ್ಬಳನ್ನು ಬಿಟ್ಟು.

ರೆಕ್ಕೆ ಒಣಗಿ ಅದು ಬಾಗಿಲು ದಾಟಿ ಹಾರಿಹೋದ ಮೇಲೆ, ಜಗಲಿಕಟ್ಟೆಯ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ನೋಟ್‌ಬುಕ್ ಬಿಚ್ಚಿದೆ. ಅವಳು ನಿಧಾನವಾಗಿ, ಒಂದೂ ಬಿಡದೆ ಹೇಳಿದಳು: “ಮೊದಲು ಬೆನ್ನು ಸೀಳ್ತು. ಕಾಲು ಬಂದ್ವು. ಆಮ್ಯಾಲ ತೊಯ್ದ ಕುಬಸ ಕೊಡವಿದಂಗ ರೆಕ್ಕಿ ಬಿಚ್ಚಾಕ ಹತ್ತಿತು.” ನಾನು ಅಕ್ಷರ ತಪ್ಪದಂತೆ ಬರೆದುಕೊಂಡೆ. ಪೂರಾ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಕೊನೆಗೆ ಕೇಳಿದೆ. ಪುಸ್ತಕದವರು ಅದನ್ನು ಕಡ್ಡಾಯವಾಗಿ ಬರೆಯಬೇಕು ಅನ್ನುತ್ತಾರೆ.

“ನೀ ಎಷ್ಟೊತ್ತು ಕಣ್ಣು ಮುಚ್ಚಿದ್ಯೋ, ಅಷ್ಟೊತ್ತು” ಅಂದಳು ಅಜ್ಜಿ.

ಅದನ್ನೂ ಬರೆದುಕೊಂಡೆ.